ಆಗುಂಬೆಯಲ್ಲಿ ಒಂದು ದಿನ: ‘ಕಾಳಿಂಗ ಗ್ಯಾರಂಟಿ’ ಅಂದವರಿಗೆ ಮುಂಗಡ ಕೊಡಬಹುದೇ?

ಪ್ರಶ್ನೆ: ನಾವು ದಾವಣಗೆರೆಯವರು. ದಸರಾ ರಜೆಯಲ್ಲಿ ಒಂದು ದಿನ ಆಗುಂಬೆ ಕಾಡು ನೋಡಿಬರೋಣ ಎಂದುಕೊಂಡಿದ್ದೇವೆ. ನಾನು, ಯಜಮಾನರು, 9 ವರ್ಷದ ಮಗ, 67 ವರ್ಷದ ಅತ್ತೆ. ಶಿವಮೊಗ್ಗದಿಂದ ಬೆಳಿಗ್ಗೆ 7ಕ್ಕೆ ಹೊರಟು ರಾತ್ರಿ 9ಕ್ಕೆ ತಂದುಬಿಡುವ ಪ್ಯಾಕೇಜ್ ಒಂದಿದೆ, ತಲೆಗೆ 2,800 ರೂಪಾಯಿ. ಸಕ್ರೆಬೈಲು, ಮಂಡಗದ್ದೆ, ಕುಂದಾದ್ರಿ, ಜೋಗಿಗುಂಡಿ, ಗೈಡ್ ಜೊತೆ ಕಾಡಿನ ನಡಿಗೆ, ಸೂರ್ಯಾಸ್ತ ಎಲ್ಲವೂ ಸೇರಿದೆ. ‘ಕಾಳಿಂಗ ಸರ್ಪ, ಸಿಂಗಳೀಕ ಗ್ಯಾರಂಟಿ, ಕಾಣದಿದ್ದರೆ ಅರ್ಧ ದುಡ್ಡು ವಾಪಸ್’ ಅನ್ನುತ್ತಾರೆ. ಅದನ್ನು ಕೇಳಿದಾಗಿನಿಂದ ಮಗನಿಗೆ ನಿದ್ದೆಯಿಲ್ಲ. ಆದರೆ ನೆಂಟರೆಲ್ಲ ಹೆದರಿಸುತ್ತಿದ್ದಾರೆ. ಉಂಬಳ (ಕಾಡಿನ ಜಿಗಣೆ) ಮೈತುಂಬ ಹತ್ತುತ್ತವೆ, ಮಂಗನ ಕಾಯಿಲೆ ಅಂಟಿಸಿಕೊಂಡು ಬರುತ್ತೀರಿ, ಹಾವು ಕಚ್ಚಿದರೆ ಅಲ್ಲಿ ಔಷಧಿಯೇ ಇಲ್ಲ ಅಂತ. ಅತ್ತೆಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ನಡೆದಿದೆ. ಹೋಗುವುದೋ ಬಿಡುವುದೋ? ಕ್ರಿಸ್‌ಮಸ್ ರಜೆಗೆ ಮುಂದೂಡಿದರೆ ವಾಸಿಯೇ? ಇನ್ನೊಂದು ಮಾತು: ಅತ್ತೆ ನಶ್ಯ ಹಾಕುತ್ತಾರೆ. ಉಂಬಳಕ್ಕೆ ನಶ್ಯವೇ ಮದ್ದು ಅಂತ ಅವರ ವಾದ. ನಿಜವೇ?

ಉತ್ತರ: ಮುಂಗಡ ಇನ್ನೂ ಕೊಟ್ಟಿಲ್ಲ ತಾನೇ? ಹಾಗಾದರೆ ಎರಡು ದಿನ ತಡೆಯಿರಿ.

ತೀರ್ಥಹಳ್ಳಿ ಸೀಮೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ನಾನು ಜನರನ್ನು ಕಾಡಿಗೆ ಕರೆದುಕೊಂಡು ಹೋಗಿ ಕರೆತರುತ್ತಿರುವುದು. ಈಗೀಗ ಹೊಸ ಹುಡುಗರಿಗೆ ಗೈಡ್ ಕೆಲಸ ಕಲಿಸುತ್ತೇನೆ. ನಿಮ್ಮ ಪತ್ರದಲ್ಲಿ ಮೂರು ಭಯ ಇವೆ, ಒಂದು ಗ್ಯಾರಂಟಿ ಇದೆ. ನನಗೆ ಆ ಮೂರು ಭಯಕ್ಕಿಂತ ಈ ಒಂದು ಗ್ಯಾರಂಟಿಯ ಮೇಲೇ ಹೆಚ್ಚು ಅನುಮಾನ.

ಕಾಳಿಂಗ ಆಗುಂಬೆಯಲ್ಲಿ ಇದೆ, ಸುಳ್ಳಲ್ಲ. ಆದರೆ ಇದೆ ಅನ್ನುವುದಕ್ಕೂ ಕಾಣುತ್ತದೆ ಅನ್ನುವುದಕ್ಕೂ ನಡುವೆ ಒಂದು ಇಡೀ ಕಾನು, ಅಂದರೆ ದಟ್ಟ ಹಸಿರು ಕಾಡು, ಇದೆ. ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರುಮಾಡಿದರು. 2008ರಿಂದ ಅಲ್ಲಿ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಅವು ಎಲ್ಲಿ ಹೋಗುತ್ತವೆ, ಏನು ತಿನ್ನುತ್ತವೆ ಎಂದು ಹಿಂಬಾಲಿಸಿ ನೋಡಿದರು. ಹಾವು ಇಂಥಲ್ಲೇ ಇದೆ ಎಂದು ಯಂತ್ರ ಹೇಳುತ್ತಿರುವಾಗಲೂ ಅದು ಬಿಲದೊಳಗೋ ಮಟ್ಟಿಯೊಳಗೋ ಇದ್ದರೆ ಆಂಟೆನಾ ಹಿಡಿದು ಕಾಯುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಅಂಥದ್ದರಲ್ಲಿ ನಡುಮಧ್ಯಾಹ್ನ ವ್ಯಾನಿನಿಂದ ಇಳಿದ ಹದಿನೈದು ಜನಕ್ಕೆ ಕಾಳಿಂಗ ತೋರಿಸುತ್ತೇನೆ ಎಂದು ಮಾತು ಕೊಡುವವನಿಗೆ ಹಾವು ಸಿಗುವುದು ಎಲ್ಲಿಂದ? ಎರಡೇ ಕಡೆಯಿಂದ. ಒಂದು, ಗೂಡಿನಿಂದ. ಎರಡು, ಚೀಲದಿಂದ.

ಗೂಡು ಅಂದರೆ ಕಾಳಿಂಗದ ಹೆಣ್ಣು ಮೈಯ ಸುರುಳಿಯಿಂದಲೇ ದರಗು (ಉದುರಿದ ಒಣ ಎಲೆ) ಎಳೆದು ಗುಡ್ಡೆ ಹಾಕಿ ಮಾಡುವ ಮೊಟ್ಟೆಯ ಮನೆ. ಎಲೆ ಕೂಡಿಹಾಕಿ ಹೀಗೆ ಗೂಡು ಕಟ್ಟುವ ಹಾವು ಇದೊಂದೇ. ಇವು ಕೂಡುವುದು ಮಾರ್ಚ್ ಹೊತ್ತಿಗೆ, ಮೊಟ್ಟೆಯಿಡುವುದು ಏಪ್ರಿಲ್–ಮೇ ತಿಂಗಳಲ್ಲಿ, ಮರಿ ಹೊರಬೀಳುವುದು ಮಳೆಗಾಲದ ನಡುವೆ. ನೀವು ಬರುವ ದಸರಾಕ್ಕೆ ಗೂಡು ಕೊಳೆತು ಮಣ್ಣಾಗಿರುತ್ತದೆ. ಹಾಗಾಗಿ ಉಳಿದದ್ದು ಚೀಲ ಒಂದೇ.

ಚೀಲದ ಆಟವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುವುದು. ಕೆಲವು ವರ್ಷದ ಹಿಂದೆ ನಮ್ಮ ಗುಂಪಿನ ಮುಂದೆಯೇ ಇನ್ನೊಂದು ಗುಂಪು ಹೋಗುತ್ತಿತ್ತು. ಅವರ ಗೈಡ್ ದಾರಿ ಬದಿಯ ಗಿಡದಲ್ಲಿ ಹಸಿರು ಹಾವೊಂದನ್ನು ‘ಕಂಡುಹಿಡಿದ’. ಎಲ್ಲರೂ ಫೋಟೊ ತೆಗೆದರು, ಒಬ್ಬರು ಅವನ ಕೈಗೆ ಐನೂರರ ನೋಟು ಇಟ್ಟರು. ಅವರು ಮುಂದೆ ಹೋದ ಮೇಲೆ ನಾನು ಹತ್ತಿರ ಹೋಗಿ ನೋಡಿದೆ. ಹಾವಿನ ಚೂಪು ಮೂತಿಯ ತುದಿ ಉಜ್ಜಿ ಉಜ್ಜಿ ಚರ್ಮ ಸುಲಿದು ಕೆಂಪಾಗಿತ್ತು. ಕಾಡಿನಲ್ಲಿ ಓಡಾಡಿಕೊಂಡಿರುವ ಹಾವಿಗೆ ಹಾಗಾಗುವುದಿಲ್ಲ. ಗೋಣಿಯಲ್ಲೋ ಡಬ್ಬಿಯಲ್ಲೋ ದಿನಗಟ್ಟಲೆ ಇಟ್ಟಾಗ, ಹೊರಬರುವ ದಾರಿ ಹುಡುಕಿ ಮೂತಿ ತಿಕ್ಕಿಕೊಂಡರೆ ಹಾಗಾಗುತ್ತದೆ. ಸಂಜೆ ವಾಪಸ್ ಬರುವಾಗ ಆ ಗಿಡದಲ್ಲಿ ಹಾವಿರಲಿಲ್ಲ. ಹರಿದು ಹೋಯಿತೋ ಚೀಲಕ್ಕೆ ಹೋಯಿತೋ ನಾನು ನೋಡಲಿಲ್ಲ. ಅವತ್ತೇ ಬಾಯಿಬಿಟ್ಟು ಕೇಳಬೇಕಿತ್ತು, ಕೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

‘ಕಾಣದಿದ್ದರೆ ಅರ್ಧ ದುಡ್ಡು ವಾಪಸ್’ ಅನ್ನುವ ಷರತ್ತು ಗಿರಾಕಿಗೆ ಅನುಕೂಲ ಅನ್ನಿಸುತ್ತದೆ. ಆದರೆ ನೀವು ನಾಲ್ವರಿಗೆ ಕೊಡುವ 11,200ರಲ್ಲಿ 5,600 ಉಳಿಸಿಕೊಳ್ಳಲು ಅವನಿಗೆ ಹಾವು ಬೇಕೇ ಬೇಕು. ಚೀಲ ಹುಟ್ಟುವುದೇ ಅಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಕಾಳಿಂಗವನ್ನು ಒಂದನೇ ಅನುಸೂಚಿಗೆ, ಅಂದರೆ ಹುಲಿ ಆನೆಗಳ ಸಾಲಿಗೆ ಸೇರಿಸಿದ್ದಾರೆ. ಅದನ್ನು ಹಿಡಿದು ಪ್ರದರ್ಶನಕ್ಕಿಡುವುದು ಜೈಲಿಗೆ ಕಳಿಸುವಂಥ ಅಪರಾಧ. ಮಗನ ಹೆಗಲ ಹತ್ತಿರ ಹಾವು ಹಿಡಿದು ಫೋಟೊ ತೆಗೆಸಿದರೆ ಆ ಫೋಟೊದಲ್ಲಿ ಇರುವುದು ನಿಮ್ಮ ಮಗ. ಇನ್ನು ಕಾಳಿಂಗ ಮನುಷ್ಯನಿಗೆ ಕಚ್ಚುವುದು ತೀರಾ ಅಪರೂಪ. ಕಚ್ಚಿಸಿಕೊಂಡವರಲ್ಲಿ ಬಹುಪಾಲು ಅದನ್ನು ಹಿಡಿಯಲು, ಆಡಿಸಲು ಹೋದವರೇ. ಗ್ಯಾರಂಟಿ ಪ್ಯಾಕೇಜಿನವರು ನಿಮ್ಮನ್ನು ನಿಲ್ಲಿಸುವುದು ಅಂಥವನ ಪಕ್ಕದಲ್ಲಿ.

ಮಗನಿಗೆ ಕಾಳಿಂಗದ ಆಸೆ ಇದ್ದರೆ ಈ ಕತೆ ಹೇಳಿ. ತುಂಬ ವರ್ಷ ಏಷ್ಯಾದ ಕಾಳಿಂಗಗಳೆಲ್ಲ ಒಂದೇ ಜಾತಿ ಎಂದು ತಿಳಿದಿದ್ದರು. 2024ರಲ್ಲಿ ಅದನ್ನು ನಾಲ್ಕು ಜಾತಿಯಾಗಿ ಬಿಡಿಸಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಓಫಿಯೋಫೇಗಸ್ ಕಾಳಿಂಗ. ಮೊದಲಿನದು ಗ್ರೀಕು, ‘ಹಾವು ತಿನ್ನುವುದು’ ಎಂದರ್ಥ. ಎರಡನೆಯದು ನಮ್ಮ ಅಜ್ಜಿಯರು ಕರೆಯುತ್ತಿದ್ದ ಹೆಸರೇ. ಪ್ರಪಂಚದ ಯಾವ ವಿಜ್ಞಾನಿಯೂ ಇನ್ನು ಈ ಹಾವನ್ನು ಕನ್ನಡದಲ್ಲೇ ಕರೆಯಬೇಕು. ನನ್ನ ಜೊತೆ ಬಂದ ಮಕ್ಕಳಲ್ಲಿ ಹಾವು ನೋಡಿದವರಿಗಿಂತ ಇದನ್ನು ಕೇಳಿದವರೇ ಹೆಚ್ಚು ಕುಣಿದಿದ್ದಾರೆ.

ಹಾಗಾದರೆ ಕಾಣುವುದೇನು ಎಂದು ಕೇಳುತ್ತೀರಿ. ನಾಗರಹೊಳೆಯಲ್ಲೋ ಭದ್ರಾದಲ್ಲೋ ಜೀಪಿನಲ್ಲಿ ಕೂತರೆ ಜಿಂಕೆ, ಕಾಡುಕೋಣ, ಆನೆ ಕಾಣುತ್ತವಲ್ಲ, ಇಲ್ಲೇಕೆ ಕಾಣುವುದಿಲ್ಲ? ಕಾರಣ ಬಿಸಿಲು. ಎಲೆ ಉದುರುವ ಕಾಡಿನಲ್ಲಿ ಬೆಳಕು ನೆಲ ಮುಟ್ಟುತ್ತದೆ, ಹುಲ್ಲು ಬೆಳೆಯುತ್ತದೆ, ಹುಲ್ಲಿಗೆ ಜಿಂಕೆ ಬರುತ್ತದೆ, ಜಿಂಕೆಗೆ ಹುಲಿ. ಆಗುಂಬೆಯ ಕಾನಿನಲ್ಲಿ ಮರಗಳ ತಲೆ ಒಂದಕ್ಕೊಂದು ಹೆಣೆದುಕೊಂಡು ಬೆಳಕನ್ನೆಲ್ಲ ಮೇಲೇ ಕುಡಿದುಬಿಡುತ್ತವೆ. ನೆಲದಲ್ಲಿ ಹುಲ್ಲಿಲ್ಲ, ದರಗು ಮಾತ್ರ. ಚಿಗುರು, ಹೂವು, ಹಣ್ಣು ಎಲ್ಲ ಮೂವತ್ತು ಮೀಟರ್ ಮೇಲೆ, ತಿನ್ನುವವರೂ ಅಲ್ಲೇ. ಸಿಂಗಳೀಕ ಬದುಕಿನ ಬಹುಪಾಲನ್ನು ಆ ಅಟ್ಟದ ಮೇಲೆಯೇ ಕಳೆಯುತ್ತದೆ. ಘಾಟಿಯ ಕೆಳಗಿನ ಸೋಮೇಶ್ವರ ಅಭಯಾರಣ್ಯದಲ್ಲಿ ಅವು ಇವೆ. ಆದರೆ ಈ ಹೊತ್ತಿಗೆ ಈ ಮರಕ್ಕೆ ಬಾ ಎಂದು ಯಾರೂ ಕರೆಯಲು ಆಗುವುದಿಲ್ಲ. ಘಾಟಿ ರಸ್ತೆಯಲ್ಲಿ ಚಿಪ್ಸ್ ಪೊಟ್ಟಣಕ್ಕೆ ಕೈಚಾಚಿ ಕೂತಿರುವ ಕೆಂಪು ಮೂತಿಯ ಮಂಗವನ್ನು ತೋರಿಸಿ ‘ಇದೇ ಸಿಂಗಳೀಕ’ ಅನ್ನುವ ಚಾಲಕರೂ ಇದ್ದಾರೆ. ಸಿಂಗಳೀಕ ಕಪ್ಪು, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು. ಯಾವ ಮಂಗಕ್ಕೂ ತಿನ್ನಲು ಹಾಕಬೇಡಿ.

ಮಳೆಕಾಡಿನಲ್ಲಿ ನಡೆದಷ್ಟೂ ಕಾಣುವುದು ಕಡಿಮೆ. ನಾನು ಹುಡುಗರಿಗೆ ಮೊದಲು ಕಲಿಸುವುದು ಜನರನ್ನು ನಿಲ್ಲಿಸುವುದನ್ನು. ಹೋದ ವರ್ಷ ಎಂಟು ಜನರ ಗುಂಪನ್ನು ಹಣ್ಣು ಬಿಟ್ಟ ಬಸರಿ ಮರದ ಕೆಳಗೆ ಇಪ್ಪತ್ತು ನಿಮಿಷ ಸುಮ್ಮನೆ ನಿಲ್ಲಿಸಿದೆ. ಮೊದಲ ಐದು ನಿಮಿಷ ಜೀರುಂಡೆಯ ಗಲಾಟೆ ಬಿಟ್ಟು ಏನಿಲ್ಲ, ಇಬ್ಬರು ಗಡಿಯಾರ ನೋಡಿದರು. ಆಮೇಲೆ ಒಬ್ಬರ ಟೋಪಿಯ ಮೇಲೆ ಟಪ್ ಎಂದು ಅರ್ಧ ಕಚ್ಚಿದ ಹಣ್ಣು ಬಿತ್ತು. ಇನ್ನೊಂದು ಬಿತ್ತು. ಮೇಲೆ ನೋಡಿದರೆ ಕೊಂಬೆಯಿಂದ ಒಂದು ಕೆಂಗಪ್ಪು ಬಾಲ ಜೋತುಬಿದ್ದಿತ್ತು: ಕೆಂದಳಿಲು. ಅದು ಅಲ್ಲೇ ಇತ್ತು, ನಾವು ಬರುವ ಮೊದಲಿನಿಂದಲೂ. ಆಮೇಲೆ ಯಾರೋ ಹುಚ್ಚು ಹಿಡಿದು ನಕ್ಕ ಹಾಗೆ ಸದ್ದು ಮಾಡುತ್ತ ಎರಡು ಬೂದು ಮಂಗಟ್ಟೆ ಹಕ್ಕಿ ಬಂದು ಕೂತವು. ಗಡಿಯಾರ ನೋಡಿದವರೇ ಹೊರಡುವಾಗ ಇನ್ನೈದು ನಿಮಿಷ ಅಂದರು.

ಮಗನಿಗೆ ಖಂಡಿತ ಖುಷಿ ಕೊಡುವಂಥದ್ದು ಅಡಿಕೆ ತೋಟದಲ್ಲಿದೆ, ಅದಕ್ಕೆ ಕಾಡಿನೊಳಗೆ ಹೋಗುವುದೂ ಬೇಡ. ಹಾರುವ ಓತಿ. ಬಿಸಿಲು ಬಂದ ಮೇಲೆ, ಹತ್ತು ಗಂಟೆ ಸುಮಾರಿಗೆ, ತೋಟದ ನಡುವೆ ನಿಂತು ಅಡಿಕೆ ಮರದ ಬೊಡ್ಡೆಗಳನ್ನೇ ಒಂದೊಂದಾಗಿ ನೋಡುತ್ತ ಹೋಗಿ. ಕಲ್ಲುಹೂವಿನ ಬಣ್ಣದ ಒಂದು ಗೇಣಿನ ಓತಿ ಕಣ್ಣಿಗೆ ಬೀಳುವುದೇ ಇಲ್ಲ, ಅದು ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಾವುಟದ ಹಾಗೆ ಪಟಕ್ಕನೆ ಬಿಚ್ಚಿ ಮಡಚುವ ತನಕ. ಗಂಡು ಹಾಗೆ ತನ್ನ ಜಾಗ ಸಾರುತ್ತದೆ. ಕಾಯುತ್ತ ಇದ್ದರೆ ಪಕ್ಕೆಲುಬುಗಳ ಮೇಲಿನ ಚರ್ಮ ಬಿಚ್ಚಿಕೊಂಡು ಪಕ್ಕದ ಸಾಲಿನ ಮರಕ್ಕೆ ತೇಲಿ, ಕೊನೆಗೆ ಸ್ವಲ್ಪ ಮೇಲೆದ್ದು ಬೊಡ್ಡೆಗೆ ಅಂಟಿಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಮೋಡವಿದ್ದ ದಿನ ಕಷ್ಟ, ಬಿಸಿಲು ಬಿದ್ದರೆ ಆದೀತು. ಬೇಸಿಗೆಯಲ್ಲಿ ಇನ್ನೂ ಸುಲಭ. ಇದಕ್ಕೂ ನಾನು ಗ್ಯಾರಂಟಿ ಕೊಡುವುದಿಲ್ಲ.

ಇನ್ನು ನೆಂಟರ ಭಯಗಳು. ಉಂಬಳದಿಂದ ಶುರುಮಾಡೋಣ, ಅತ್ತೆಯವರ ಮಟ್ಟಿಗೆ ಮುಖ್ಯ ಅದೇ.

ದಾವಣಗೆರೆಯಲ್ಲಿ ವರ್ಷಕ್ಕೆ ಬೀಳುವುದು 600–700 ಮಿ.ಮೀ. ಮಳೆ. ಆಗುಂಬೆಯ ವಾರ್ಷಿಕ ಸರಾಸರಿಯೇ 7,000 ಮಿ.ಮೀ. ದಾಟುತ್ತದೆ, 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಸುರಿದ ದಾಖಲೆ ಇದೆ. ನಿಮ್ಮೂರಿನ ಆರೇಳು ವರ್ಷದ ಮಳೆ. ಇಂಥ ಒದ್ದೆಯಲ್ಲಿ ಉಂಬಳ ಇರಲೇಬೇಕು. ನೀವು ದಾರಿಯಲ್ಲಿ ನಿಂತರೆ ದರಗಿನ ಅಂಚಿನಲ್ಲಿ ಒಂದು ದಾರದ ತುಂಡು ಎದ್ದು ನಿಂತು ಅತ್ತಿತ್ತ ತೂಗಾಡುವುದು ಕಾಣುತ್ತದೆ. ನಿಮ್ಮ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ಇವುಗಳಿಂದ ಅದಕ್ಕೆ ನೀವು ಬಂದದ್ದು ತಿಳಿಯುತ್ತದೆ. ಅದು ಮರದಿಂದ ಉದುರುವುದಲ್ಲ, ನೆಲದಿಂದ, ಗಿಡದ ತಗ್ಗು ಎಲೆಯಿಂದ ಹತ್ತಿ ಮೇಲೇರುತ್ತದೆ. ಹಾಗಾಗಿ ಕಾವಲು ಕಾಲಿಗೆ ಬೇಕು. ಮಂಡಿವರೆಗಿನ ದಟ್ಟ ನೇಯ್ಗೆಯ ಉಂಬಳದ ಕಾಲುಚೀಲ ಸಿಗುತ್ತದೆ, ಪ್ಯಾಂಟನ್ನು ಅದರೊಳಗೆ ತೂರಿಸಬೇಕು. ಹತ್ತಿದರೆ ಕಿತ್ತು ಎಳೆಯಬೇಡಿ, ಅದರ ಮೇಲೆ ಉಪ್ಪು, ಬೆಂಕಿಕಡ್ಡಿ ಪ್ರಯೋಗವೂ ಬೇಡ. ಕುಡಿದದ್ದನ್ನು ಗಾಯಕ್ಕೇ ಕಾರಿದರೆ ಕೀವಾಗುವುದುಂಟು. ಸಪೂರ ತುದಿ ಅದರ ಬಾಯಿ. ಆ ತುದಿಯ ಪಕ್ಕ ಉಗುರು ಇಟ್ಟು ಚರ್ಮದ ಮೇಲೇ ಜಾರಿಸಿ ಬಿಡಿಸಿ, ಸೋಪು ನೀರಿನಲ್ಲಿ ತೊಳೆದು ಒತ್ತಿ ಹಿಡಿಯಿರಿ. ನಮ್ಮಲ್ಲಿ ದಂಟಿನ ತುದಿಗೆ ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಬೂಟಿಗೆ ಮುಟ್ಟಿಸುತ್ತ ನಡೆಯುವ ರೂಢಿ ಇದೆ. ಬೂಟಿನ ಮೇಲಿನ ಉಂಬಳಕ್ಕೆ ಅದು ಸರಿ. ದಾರಿಯುದ್ದಕ್ಕೂ ಉಪ್ಪು ಎರಚುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಆ ನೆಲದಲ್ಲಿ ಕಪ್ಪೆಗಳಿವೆ, ಅವಕ್ಕೆ ಚರ್ಮವೇ ಮೂಗು.

ಉಂಬಳ ‘ಕೆಟ್ಟ ರಕ್ತ’ವನ್ನೇ ಹೀರುತ್ತದೆ ಅನ್ನುವುದು ಸಮಾಧಾನದ ಮಾತು. ಅದು ಮಂಗನ ಕಾಯಿಲೆ ತರುತ್ತದೆ ಅನ್ನುವುದು ಶುದ್ಧ ಸುಳ್ಳು. ಆದರೆ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುವುದು ನಿಜ. ನಮಗೆ ನಿಮಗೆ ಕಚ್ಚಿದರೇ ಅರ್ಧ ಗಂಟೆಯಿಂದ ಕೆಲವು ಗಂಟೆ ಜಿನುಗುತ್ತದೆ. ಅತ್ತೆಯವರು ಮೊದಲೇ ಅಂಥದ್ದೇ ಕೆಲಸದ ಮಾತ್ರೆ ತೆಗೆದುಕೊಳ್ಳುವವರು, ಅವರಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಜೀವಕ್ಕೆ ಅಪಾಯ ಅಂತಲ್ಲ. ಆದರೆ ಹತ್ತಾರು ಕಡೆ ಕಚ್ಚಿಸಿಕೊಂಡು, ರಕ್ತ ನೋಡಿ ಗಾಬರಿಯಾಗಿ, ಜಾರುವ ದಾರಿಯಲ್ಲಿ ಬಿದ್ದರೆ ಕಷ್ಟ. ‘ಎರಡು ದಿನ ಮಾತ್ರೆ ಬಿಟ್ಟರಾಯಿತು’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಆ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಉಂಬಳಕ್ಕಿಂತ ನೂರು ಪಟ್ಟು ಅಪಾಯ. ಹೊರಡುವ ಮೊದಲು ಅವರ ಹೃದಯದ ಡಾಕ್ಟರನ್ನು ಒಂದು ಮಾತು ಕೇಳಿ. ನನ್ನ ಸಲಹೆ, ಅವರು ಕಾಡಿನ ದಾರಿಗೆ ಬರುವುದು ಬೇಡ. ತೋಟದ ಮನೆಯ ಜಗಲಿಯಲ್ಲಿ ಕೂತರೂ ಮಂಗಟ್ಟೆ ಕಾಣುತ್ತದೆ.

ಮಂಗನ ಕಾಯಿಲೆಯ ಭಯದಲ್ಲಿ ಸತ್ಯ ಇದೆ, ಆದರೆ ಋತು ತಪ್ಪಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಊರಿನವರಿಗೆ ಜ್ವರ ಬಂದಾಗ ಇದು ಪತ್ತೆಯಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಪಟ್ಟ ಪಾಡನ್ನು ನಾವ್ಯಾರೂ ಮರೆತಿಲ್ಲ. ಇದನ್ನು ಹರಡುವುದು ಉಣುಗು (ಉಣ್ಣೆ ಹುಳ), ಅದರಲ್ಲೂ ಸಾಸಿವೆಗಿಂತ ಚಿಕ್ಕದಾದ ಅದರ ಮರಿ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಆ ಮರಿ ಉಣುಗುಗಳು ಕಾಡಿನಲ್ಲಿ ಹೆಚ್ಚುವುದು ಮಳೆ ನಿಂತು ನೆಲ ಒಣಗಿದ ಮೇಲೆ, ನವೆಂಬರಿನಿಂದ ಮೇ ತನಕ. ಹಾಗಾಗಿ ಉಂಬಳಕ್ಕೆ ಹೆದರಿ ಕ್ರಿಸ್‌ಮಸ್ಸಿಗೆ ಮುಂದೂಡಿದರೆ ಉಂಬಳ ತಪ್ಪುತ್ತದೆ, ಉಣುಗಿನ ಕಾಲ ಶುರುವಾಗುತ್ತದೆ. ಕಾಯಿಲೆ ಹೆಚ್ಚಾಗಿ ಬರುವುದು ದರಗು ಗುಡಿಸಲು, ಸೌದೆಗೆ, ದನ ಮೇಯಿಸಲು ದಿನವೂ ಕಾಡಿಗೆ ಹೋಗುವ ನಮ್ಮ ಊರುಗಳವರಿಗೆ. ಎರಡು ಗಂಟೆ ನಡೆದು ಹೋಗುವವರಿಗೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅನ್ನಲಾರೆ. ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ, ಅದನ್ನು ನಂಬಿ ಬರುವ ಹಾಗಿಲ್ಲ.

ಬೇಸಿಗೆಯಲ್ಲಿ ಬರುವವರಿಗೆ ನಾನು ಹೇಳುವುದು ಇಷ್ಟು. ಆ ಭಾಗದಲ್ಲಿ ಮಂಗ ಸತ್ತ ಸುದ್ದಿ ಇದೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಇದ್ದರೆ ಹೋಗಬೇಡಿ. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ. ದರಗಿನ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಿಸಿನೀರು ಸೋಪಿನಲ್ಲಿ ಸ್ನಾನ, ಬಟ್ಟೆ ಬಿಸಿನೀರಿಗೆ, ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ಹುಡುಕಿ ನೋಡುವುದು. ನೀವು ದಸರಾದಲ್ಲಿ ಬಂದರೂ ಈ ಸ್ನಾನ ತಪ್ಪಿಸಬೇಡಿ. ಎರಡು ವಾರದೊಳಗೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ‘ಮಲೆನಾಡಿನ ಕಾಡಿಗೆ ಹೋಗಿದ್ದೆವು’ ಎಂದು ಹೇಳಿ. ದಾವಣಗೆರೆಯ ಡಾಕ್ಟರಿಗೆ ಅದು ತಾನಾಗಿ ಹೊಳೆಯಬೇಕೆಂದಿಲ್ಲ. ನೋವಿನ ಮಾತ್ರೆ ನೀವೇ ನುಂಗುವುದಾದರೆ ಪ್ಯಾರಸಿಟಮಾಲ್ ದಾಟಬೇಡಿ, ಈ ಜ್ವರದಲ್ಲಿ ರಕ್ತಸ್ರಾವದ ಭಯ ಇರುತ್ತದೆ.

ಹಾವಿನ ಔಷಧಿಯ ವಿಷಯದಲ್ಲಿ ನಿಮ್ಮ ನೆಂಟರು ಅರ್ಧ ಸರಿ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಿಸಿದ್ದು. ಕಾಳಿಂಗಕ್ಕೂ ಕಾನಿನ ಗುಳಿಮಂಡಲಗಳಿಗೂ ಅದು ಹೇಳಿ ಮಾಡಿಸಿದ್ದಲ್ಲ. ಹಾಗಂತ ಆಸ್ಪತ್ರೆಯಿಂದ ಉಪಯೋಗವಿಲ್ಲ ಅಂತಲ್ಲ. ಉಸಿರಾಟಕ್ಕೆ, ಮೂತ್ರಪಿಂಡಕ್ಕೆ ಆಸರೆ ಕೊಡುವುದೂ ಚಿಕಿತ್ಸೆಯೇ. ಪ್ರವಾಸಿಗರಿಗೆ ನಿಜವಾಗಿ ಎದುರಾಗುವ ಹಾವು ಗುಳಿಮಂಡಲ. ಹಸಿರು, ಕಂದು, ಹಳದಿ, ಹೀಗೆ ಹಲವು ಬಣ್ಣದಲ್ಲಿ ಬರುತ್ತದೆ. ಮೊಣಕಾಲೆತ್ತರದ ಗಿಡದಲ್ಲೋ ಹಳ್ಳದ ಬದಿಯ ಕಲ್ಲಿನ ಮೇಲೋ ದಿನಗಟ್ಟಲೆ ಅಲುಗಾಡದೆ ಕೂತಿರುತ್ತದೆ. (ಹಾಗಾಗಿ ಗೈಡ್ ‘ನಿನ್ನೆ ಇಲ್ಲೇ ಇತ್ತು’ ಎಂದು ಗುಳಿಮಂಡಲ ತೋರಿಸಿದರೆ ಅದನ್ನು ಚೀಲದ್ದು ಅಂದುಕೊಳ್ಳಬೇಡಿ.) ಅದು ಅಟ್ಟಿಸಿಕೊಂಡು ಬರುವುದಿಲ್ಲ. ಜಾರಿದಾಗ ನಾವು ಗಿಡ ಹಿಡಿಯುತ್ತೇವಲ್ಲ, ಆಗ ಕಚ್ಚುತ್ತದೆ. ಆದ್ದರಿಂದ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಕೋಲು ಕಡ್ಡಾಯ: ಜಾರಿದರೆ ಕೋಲು ಊರಿ, ಗಿಡ ಹಿಡಿಯಬೇಡಿ. ಅಕಸ್ಮಾತ್ ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ಹೊತ್ತುಕೊಂಡಾದರೂ ಗಾಡಿಗೆ ತಂದು, 108ಕ್ಕೆ ಫೋನು. ಆಗುಂಬೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ, ತೀರ್ಥಹಳ್ಳಿಯಲ್ಲಿ ತಾಲ್ಲೂಕು ಆಸ್ಪತ್ರೆ ಇವೆ, ಘಾಟಿ ಇಳಿದರೆ ಮಣಿಪಾಲ. ಕಾಡಿನೊಳಗೆ ಫೋನು ಸಿಗುವುದಿಲ್ಲ, ಅದಕ್ಕೇ ನಾನು ಗಾಡಿಯಿಂದ ಅರ್ಧ ಗಂಟೆಗಿಂತ ದೂರ ಕುಟುಂಬಗಳನ್ನು ಒಯ್ಯುವುದಿಲ್ಲ.

ಇನ್ನು ನಿಮ್ಮ ಪ್ಯಾಕೇಜು. ಶಿವಮೊಗ್ಗದಿಂದ ಆಗುಂಬೆಗೆ ಹತ್ತಿರ ಹತ್ತಿರ 95 ಕಿ.ಮೀ., ಹೋಗಿ ಬರಲು ಐದು ಗಂಟೆ. ಸಕ್ರೆಬೈಲಿನ ಆನೆ ನೋಡುವುದು ಬೆಳಿಗ್ಗೆ ಎಂಟೂವರೆ ಮೇಲೆಯೇ. ಅಲ್ಲಿಂದ ಮಂಡಗದ್ದೆ, ಕುಂದಾದ್ರಿ ಹತ್ತಿ ಇಳಿದು ಊಟ ಮುಗಿಸುವ ಹೊತ್ತಿಗೆ ಎರಡು ಗಂಟೆ. ಆಮೇಲೆ ಜೋಗಿಗುಂಡಿ, ಸೂರ್ಯಾಸ್ತ. ನಡುವೆ ಕಾಡಿಗೆ ಉಳಿಯುವುದು ಮಧ್ಯಾಹ್ನದ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಕಾಡೂ ಮಲಗಿರುತ್ತದೆ. ಸೂರ್ಯಾಸ್ತವೂ ಮೋಡದ ದಯೆ. ಅದಕ್ಕೂ ಮೊದಲು ನೀವು ದಾವಣಗೆರೆಯಿಂದ 90 ಕಿ.ಮೀ. ಬಂದು ಸೇರಬೇಕು. ಮಗು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡು ಮಲಗುತ್ತದೆ, ನಾನು ಬೇಕಾದಷ್ಟು ನೋಡಿದ್ದೇನೆ.

ಅದೇ ಪ್ಯಾಕೇಜಿಗೆ ಹೋಗಲೇಬೇಕಾದರೆ ಅವರಿಗೆ ಫೋನು ಮಾಡಿ ಮೂರು ಮಾತು ಕೇಳಿ. ಕಾಡಿನ ನಡಿಗೆ ಎಷ್ಟು ಹೊತ್ತಿಗೆ, ಎಷ್ಟು ಹೊತ್ತು? ಗೈಡ್ ಯಾವ ಊರಿನವರು, ಒಬ್ಬರಿಗೆ ಎಷ್ಟು ಜನ? ಅರಣ್ಯ ಇಲಾಖೆಯ ಅನುಮತಿ ಚೀಟಿ ಯಾರ ಹೆಸರಲ್ಲಿ? ಒನಕೆ ಅಬ್ಬಿ, ಬರ್ಕಣ ಜಲಪಾತಗಳ ಕಡೆ ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ, ಮಳೆಗಾಲದಲ್ಲಿ ಆ ದಾರಿಗಳನ್ನು ಮುಚ್ಚುವುದೂ ಉಂಟು. ‘ಅದೆಲ್ಲ ನಾವು ನೋಡ್ಕೋತೀವಿ ಬಿಡಿ’ ಎಂಬ ಉತ್ತರ ಬಂದರೆ ಫೋನು ಇಟ್ಟುಬಿಡಿ. ಕೊನೆಗೆ ನೀವಾಗಿಯೇ ಹೇಳಿ: ನಮಗೆ ಹಾವಿನ ಗ್ಯಾರಂಟಿ ಬೇಡ, ದುಡ್ಡೂ ವಾಪಸ್ ಬೇಡ. ಅವರ ದನಿ ಹೇಗೆ ಬದಲಾಗುತ್ತದೆ ಕೇಳಿಸಿಕೊಳ್ಳಿ.

ನನ್ನ ಮನೆಯವರೇ ಆಗಿದ್ದರೆ ನಾನು ಮಾಡುತ್ತಿದ್ದುದು ಬೇರೆ. ಹಿಂದಿನ ದಿನ ಮಧ್ಯಾಹ್ನ ಹೊರಟು, ಕತ್ತಲಾಗುವ ಮುಂಚೆ ತೀರ್ಥಹಳ್ಳಿ–ಆಗುಂಬೆ ನಡುವೆ ತೋಟವಿರುವ ಹೋಂಸ್ಟೇ ಒಂದರಲ್ಲಿ ಉಳಿಯುವುದು. ಬೆಳಿಗ್ಗೆ ಆರೂವರೆಗೆ ಊರಿನ ಗೈಡ್ ಜೊತೆ ನೀವು ಮೂವರು ಎರಡು ಗಂಟೆ ಕಾಡಿನ ಅಂಚು. ಬಂದು ಕಡುಬು ತಿಂದು, ಅತ್ತೆಯವರನ್ನೂ ಕರೆದುಕೊಂಡು ತೋಟದಲ್ಲಿ ಓತಿ ಹುಡುಕುವುದು. ವಾಪಸ್ ಹೋಗುವಾಗ ದಾರಿಯಲ್ಲೇ ಮಂಡಗದ್ದೆ. ತುಂಗೆಯ ನಡುಗಡ್ಡೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡುಗಳು ಇನ್ನೂ ಉಳಿದಿದ್ದರೆ ನೋಡಬಹುದು. ಇದರಲ್ಲೂ ತೊಡಕಿದೆ. ಹೋಂಸ್ಟೇಯವರು ‘ಗೈಡ್’ ಎಂದು ಕಳಿಸುವವನು ಕೆಲವೊಮ್ಮೆ ದಾರಿ ಮಾತ್ರ ಗೊತ್ತಿರುವ ಹುಡುಗ. ನೀವು ಕೇಳಿದ ಒಂದಾದರೂ ಪ್ರಶ್ನೆಗೆ ‘ಗೊತ್ತಿಲ್ಲ’ ಅನ್ನುವವನು ಸಿಕ್ಕರೆ ಅವನನ್ನೇ ಇಟ್ಟುಕೊಳ್ಳಿ. ರಾತ್ರಿ ಕಪ್ಪೆ ನೋಡಲು ಕರೆದರೆ ತೋಟದ, ಗದ್ದೆಯ ಅಂಚಿನವರೆಗೆ ಹೋಗಿ, ರಕ್ಷಿತ ಕಾಡಿನೊಳಗೆ ಬೇಡ. ಹಳ್ಳದ ನೀರಿಗೆ ಮಗನನ್ನು ಇಳಿಸಬೇಡಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಹೊಡೆದು ನೀರು ಏರಬಹುದು. ಅಡಿಕೆ ದಬ್ಬೆಯ ಸಂಕ (ಕಾಲುಸೇತುವೆ) ಪಾಚಿಗಟ್ಟಿರುತ್ತದೆ, ಒಬ್ಬೊಬ್ಬರೇ ದಾಟಿ.

ದೊಡ್ಡ ಪ್ರಾಣಿಯೇ ಬೇಕು ಎಂದು ಮಗ ಹಠ ಹಿಡಿದರೆ ಆಗುಂಬೆ ಬಿಟ್ಟು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಲಕ್ಕವಳ್ಳಿ ಕಡೆ ಸಫಾರಿಗೆ ಹೋಗಿ. ದಾವಣಗೆರೆಗೆ ಅದು ಹತ್ತಿರವೂ ಹೌದು, ಅತ್ತೆಯವರು ಜೀಪಿನಲ್ಲೇ ಕೂತಿರಬಹುದು, ಉಂಬಳದ ಗೊಡವೆಯೂ ಇಲ್ಲ. ಕಾಡುಕೋಣ, ಜಿಂಕೆ ಕಾಣುವ ಸಾಧ್ಯತೆ ಅಲ್ಲಿ ಬಹಳ ಹೆಚ್ಚು. ಹುಲಿ ಅಲ್ಲೂ ಅದೃಷ್ಟವೇ.

ನಶ್ಯದ ವಿಷಯದಲ್ಲಿ ಅತ್ತೆಯವರು ಹೇಳುವುದು ಸರಿ. ಉಂಬಳ ಹೊಗೆಸೊಪ್ಪನ್ನು ತಡೆದುಕೊಳ್ಳಲಾರದು. ನಮ್ಮ ಹಿರಿಯರು ಹೊಗೆಸೊಪ್ಪು ಸುಣ್ಣ ತಿಕ್ಕಿ ಕಾಲಿಗೆ ಬಳಿದುಕೊಂಡೇ ಮಳೆಗಾಲದಲ್ಲಿ ತೋಟಕ್ಕೆ ಇಳಿಯುತ್ತಿದ್ದರು. ನಶ್ಯವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕಾಲುಚೀಲದ ಹೊರಮೈಗೆ, ಬೂಟಿನ ಅಂಚಿಗೆ ಸವರಿದರೆ ಸಾಕು. ಗಾಯವಿದ್ದ ಚರ್ಮಕ್ಕೂ ಮಗನ ಬರಿಗಾಲಿಗೂ ಬೇಡ. ಒದ್ದೆಯಾದರೆ ತೊಳೆದುಹೋಗುತ್ತದೆ, ಮತ್ತೆ ಹಚ್ಚಬೇಕು. ಮೂವರ ಆರು ಕಾಲಿಗೆ ಒಂದು ಡಬ್ಬಿ ಮುಗಿದೇಹೋಗುತ್ತದೆ, ಅತ್ತೆಯವರ ಮೂಗಿಗೆ ಇನ್ನೊಂದು ಬೇರೆಯೇ ತನ್ನಿ.